ಬಣ್ಣಕ್ಕೂ ಬೇಕು ಹದ



ಬೀದರ್ ತಾಲ್ಲೂಕಿನ ಕಮಠಾಣದಲ್ಲಿ ಒಂದು ಮನೆ ಇದೆ ಎಂದು ಭಾವಿಸಿಕೊಳ್ಳಿ. ಅಣ್ಣನ ಎರಡು ಹಳೆಯ ಅಂಗಿಗಳು ತಮ್ಮನ ಪಾಲಿಗೆ ಬಂದಿವೆ. ಒಂದು ಹತ್ತಿಯದು, ಇನ್ನೊಂದು ಪಾಲಿಯೆಸ್ಟರಿನದು. ಎರಡರ ಬಣ್ಣವೂ ಮಾಸಿದೆ. ಅವ್ವ ಅಂಗಡಿಯಿಂದ ನೀಲಿ ಬಣ್ಣದ ಪೊಟ್ಟಣ ತರಿಸುತ್ತಾಳೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಬಣ್ಣ ಮತ್ತು ಉಪ್ಪು ಹಾಕಿ, ಎರಡೂ ಅಂಗಿಗಳನ್ನು ಒಮ್ಮೆಲೇ ಅದರಲ್ಲಿ ಮುಳುಗಿಸುತ್ತಾಳೆ. ಅರ್ಧ ಗಂಟೆಯ ನಂತರ ತೆಗೆದು ತೊಳೆದಾಗ ಹತ್ತಿಯ ಅಂಗಿಗೆ ಬಣ್ಣ ಹಿಡಿದಿರುತ್ತದೆ. ಆದರೆ ಒಂದು ಕಡೆ ಗಾಢ, ಇನ್ನೊಂದು ಕಡೆ ತೆಳು. ಅದರ ಹೊಲಿಗೆಯ ದಾರ ಮಾತ್ರ ಹಾಗೆಯೇ ಬೆಳ್ಳಗೆ ಉಳಿದಿದೆ. ಪಾಲಿಯೆಸ್ಟರ್ ಅಂಗಿಯಿಂದಲೋ ನೀಲಿಯೆಲ್ಲ ತೊಳೆದ ನೀರಿನೊಂದಿಗೆ ಹರಿದುಹೋಗಿದೆ.

ಇಲ್ಲಿ ಎರಡು ಪ್ರಶ್ನೆಗಳಿವೆ. ಪಾಲಿಯೆಸ್ಟರಿಗೆ ಬಣ್ಣ ಏಕೆ ಹಿಡಿಯಲಿಲ್ಲ? ಹಿಡಿದ ಅಂಗಿಯಲ್ಲಿ ಕಲೆಗಳೇಕೆ ಉಳಿದವು? ಎರಡಕ್ಕೂ ಉತ್ತರ ಬಹುಮಟ್ಟಿಗೆ ಉಷ್ಣತೆಯಲ್ಲಿದೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ದಿನನಿತ್ಯದ ಚಿಂತೆಯೂ ಇದೇ.

ಕುದಿಯುವ ನೀರೂ ಸಾಲದು

ಪ್ರತಿಯೊಂದು ನಾರಿಗೂ ಬಣ್ಣ ಕುಡಿಯುವ ತನ್ನದೇ ಹದವಿದೆ. ಇಂದು ಹತ್ತಿಗೆ ಹೆಚ್ಚಾಗಿ ಬಳಸುವ ‘ರಿಯಾಕ್ಟಿವ್’ ವರ್ಣದ್ರವ್ಯಗಳು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾರಿನೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಮೈಸೂರಿನಲ್ಲಿ 1912ರಿಂದ ನೇಯುತ್ತಿರುವ ರೇಷ್ಮೆ ಸೀರೆಗಳು ನಿಮಗೆ ಗೊತ್ತು. ರೇಷ್ಮೆಗೆ ಬಣ್ಣ ಹಾಕುವಾಗ ಸಾಮಾನ್ಯವಾಗಿ 85-90 ಡಿಗ್ರಿಗೆ ನಿಲ್ಲಿಸುತ್ತಾರೆ. ಅದನ್ನು ಕೊತಕೊತ ಕುದಿಸಿದರೆ ಎಳೆಗಳು ತಿಕ್ಕಾಡಿ ಹೊಳಪು ಕುಂದುತ್ತದೆ.

ಪಾಲಿಯೆಸ್ಟರಿನ ಕಥೆ ಬೇರೆ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನ ವಿಜ್ಞಾನಿಗಳು ರೂಪಿಸಿದ ಈ ನಾರಿನಲ್ಲಿ ಅಣುಸರಪಳಿಗಳು ಒತ್ತೊತ್ತಾಗಿ ಕೂತಿರುತ್ತವೆ. ಅದಕ್ಕೆ ನೀರೂ ಹೆಚ್ಚು ಹಿಡಿಯುವುದಿಲ್ಲ, ಬಣ್ಣವೂ ಒಳಗೆ ಹೋಗುವುದಿಲ್ಲ. ಉಷ್ಣತೆ ಸುಮಾರು 80 ಡಿಗ್ರಿ ದಾಟಿದಂತೆ ಈ ಸರಪಳಿಗಳು ಅಲುಗಾಡತೊಡಗುತ್ತವೆ. ಅವುಗಳ ನಡುವೆ ಸಣ್ಣ ಸಣ್ಣ ತೆರಪುಗಳು ಉಂಟಾಗುತ್ತವೆ. ಪಾಲಿಯೆಸ್ಟರಿಗೆಂದೇ ಇರುವ ‘ಡಿಸ್ಪರ್ಸ್’ ವರ್ಣದ್ರವ್ಯದ ಅಣುಗಳು ಆ ತೆರಪುಗಳಲ್ಲಿ ನುಸುಳುತ್ತವೆ. ಮತ್ತೆ ತಣ್ಣಗಾದಾಗ ಬಾಗಿಲು ಮುಚ್ಚಿದಂತಾಗಿ ಬಣ್ಣ ಒಳಗೇ ಸೆರೆಯಾಗುತ್ತದೆ. ಇದು ಚೆನ್ನಾಗಿ, ಬೇಗನೆ ನಡೆಯಬೇಕಾದರೆ 130 ಡಿಗ್ರಿ ಬೇಕು.

ಆದರೆ ತೆರೆದ ಪಾತ್ರೆಯಲ್ಲಿ ನೀರು 130 ಡಿಗ್ರಿಗೆ ಏರುವುದೇ ಇಲ್ಲ. ಬೀದರ್ ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಅವ್ವ ಎಷ್ಟೇ ಸೌದೆ ಒಟ್ಟಿದರೂ ಹೆಚ್ಚಿನ ಶಾಖವೆಲ್ಲ ಹಬೆಯಾಗಿ ಹೋಗುತ್ತದೆಯೇ ಹೊರತು ಉಷ್ಣತೆ ಏರದು. ಅದನ್ನು ಏರಿಸಲು ಪಾತ್ರೆಯ ಬಾಯಿ ಬಿಗಿದು ಒತ್ತಡ ಹೆಚ್ಚಿಸಬೇಕು. ನಿಮ್ಮ ಮನೆಯ ಕುಕ್ಕರ್ ಮಾಡುವುದೂ ಇದನ್ನೇ. ಅದರೊಳಗೆ ನೀರು ಸುಮಾರು 120 ಡಿಗ್ರಿ ಮುಟ್ಟುತ್ತದೆ. ಪಾಲಿಯೆಸ್ಟರಿಗೆ ಬಣ್ಣ ಹಾಕುವ ಜೆಟ್ ಯಂತ್ರವೆಂದರೆ ಒಂದು ದೈತ್ಯ ಕುಕ್ಕರ್ ಎನ್ನಿ. 130 ಡಿಗ್ರಿಯಲ್ಲಿ ಅದರೊಳಗಿನ ಒತ್ತಡ ವಾಯುಮಂಡಲದ ಒತ್ತಡದ ಎರಡೂವರೆ ಪಟ್ಟಿಗೂ ಹೆಚ್ಚು. ಒಳಗೆ ಹಗ್ಗದಂತೆ ಸುತ್ತಿದ ಬಟ್ಟೆಯನ್ನು ಬಣ್ಣದ ನೀರಿನ ರಭಸದ ಧಾರೆ ತಳ್ಳಿಕೊಂಡು ಸುತ್ತು ಹಾಕಿಸುತ್ತಿರುತ್ತದೆ.

ಅವಸರವೇ ಕಲೆಗೆ ಕಾರಣ

ಹಾಗಾದರೆ ಹಬೆ ಬಿಟ್ಟು ಒಮ್ಮೆಗೇ 130 ಡಿಗ್ರಿಗೆ ಏರಿಸಿಬಿಡಬಹುದಲ್ಲ? ಇಲ್ಲಿಯೇ ಎರಡನೆಯ ಪ್ರಶ್ನೆಯ ಉತ್ತರವಿದೆ. ಉಷ್ಣತೆ ಹೆಚ್ಚಿದಷ್ಟೂ ಬಣ್ಣ ನಾರಿನೊಳಗೆ ಓಡುವ ವೇಗವೂ ಹೆಚ್ಚುತ್ತದೆ. ನೀರು ಮೊದಲು ಮುಟ್ಟಿದ ಕಡೆಯ ಬಟ್ಟೆ ಬಣ್ಣವನ್ನೆಲ್ಲ ಕುಡಿದುಬಿಡುತ್ತದೆ. ಹಿಂದಿನ ಮಡಿಕೆಗಳಿಗೆ ಉಳಿಯುವುದು ತೆಳುವಾದ ನೀರು. ಅವ್ವನ ಪಾತ್ರೆಯಲ್ಲಿ ಆದದ್ದು ಇದೇ. ಒಣ ಅಂಗಿಯನ್ನು ಕುದಿಯುವ ಬಣ್ಣದಲ್ಲಿ ಒಮ್ಮೆಲೇ ಮುಳುಗಿಸಿದ್ದರಿಂದ ಕಲೆ ಬಿದ್ದಿತು.

ಆದ್ದರಿಂದ ಕಾರ್ಖಾನೆಯಲ್ಲಿ ಉಷ್ಣತೆಯನ್ನು ಮೆಟ್ಟಿಲು ಹತ್ತಿದಂತೆ ಏರಿಸುತ್ತಾರೆ. ಪಾಲಿಯೆಸ್ಟರ್ ಬಣ್ಣವನ್ನು ರಭಸವಾಗಿ ಕುಡಿಯುವ ಘಟ್ಟ ಸುಮಾರು 90ರಿಂದ 120 ಡಿಗ್ರಿಯ ನಡುವೆ ಬರುತ್ತದೆ. ಅಲ್ಲಿ ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಮಾತ್ರ ಏರಿಕೆ. ನಂತರ 130ರಲ್ಲಿ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕದಲದಂತೆ ನಿಲುಗಡೆ. ಇಳಿಕೆಯೂ ನಿಧಾನವೇ. ಬೇಗ ತಣಿಸಿದರೆ ಮೆದುವಾಗಿದ್ದ ಬಟ್ಟೆಯಲ್ಲಿ ಸುಕ್ಕುಗಳು ಹಾಗೆಯೇ ಗಟ್ಟಿಯಾಗಿ ಉಳಿದುಬಿಡುತ್ತವೆ. ಹೀಗೆ ಬಣ್ಣಗಾರ ಕಾಯಬೇಕಾದದ್ದು ಒಂದು ಉಷ್ಣತೆಯನ್ನಲ್ಲ, ಕಾಲದೊಂದಿಗೆ ಏರಿ, ನಿಂತು, ಇಳಿಯುವ ಒಂದು ರೇಖೆಯನ್ನು.

ಕೈಯ ಹದ, ಯಂತ್ರದ ಹದ

ಬೀದರಿನವರಿಗೆ ‘ಹದ’ ಎಂಬ ಮಾತಿನ ಅರ್ಥ ಹೇಳಿಕೊಡಬೇಕಿಲ್ಲ. ಬಿದ್ರಿ ಕೆಲಸದವರನ್ನು ನೋಡಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ವಸ್ತುವಿನ ಮೇಲೆ ಬೆಳ್ಳಿ ಕೂರಿಸಿದ ನಂತರ, ಅದನ್ನು ಮೆಲ್ಲಗೆ ಬಿಸಿಮಾಡಿ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರವ ಸವರುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅಲ್ಲಿ ಉಷ್ಣಮಾಪಕವಿಲ್ಲ. ಅನುಭವವಿರುವ ಕೈ ಮತ್ತು ಕಣ್ಣೇ ಶಾಖವನ್ನು ಅಳೆಯುತ್ತವೆ. ಹಿಂದೆ ನಮ್ಮ ನೀಲಗಾರರು, ರಂಗಾರಿಗಳು ಬಣ್ಣದ ಹಂಡೆಯ ಮುಂದೆ ಕೂತು ಮಾಡುತ್ತಿದ್ದುದೂ ಇದನ್ನೇ.

ಆದರೆ ಮುಚ್ಚಿದ ಉಕ್ಕಿನ ಕೊಳಾಯಿಯೊಳಗೆ 500 ಕಿಲೋ ಬಟ್ಟೆ ಸುತ್ತುತ್ತಿರುವಾಗ ಕೈ ಹಾಕಿ ನೋಡುವುದು ಹೇಗೆ? ಒಂದು ಕಿಲೋ ಬಟ್ಟೆಗೆ 8 ಲೀಟರ್ ನೀರು ಎಂದರೆ ಒಳಗಿರುವುದು 4,000 ಲೀಟರ್ ನೀರು. ಅದನ್ನು 30ರಿಂದ 130 ಡಿಗ್ರಿಗೆ ಏರಿಸಲು ಎಷ್ಟು ಶಾಖ ಬೇಕೆಂದು ನೀವೇ ಲೆಕ್ಕ ಹಾಕಬಹುದು. 4,000ವನ್ನು 4.18ರಿಂದಲೂ 100ರಿಂದಲೂ ಗುಣಿಸಿದರೆ ಸುಮಾರು 16 ಲಕ್ಷ 72 ಸಾವಿರ ಕಿಲೋಜೂಲ್. ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು 465 ಯೂನಿಟ್. ಬಾಯ್ಲರಿನಿಂದ ಬರುವ ಹಬೆಯ ಲೆಕ್ಕದಲ್ಲಿ ಸುಮಾರು 800 ಕಿಲೋ. ಇಷ್ಟೊಂದು ಶಾಖವನ್ನು ನಿಮಿಷಕ್ಕೊಂದು ಡಿಗ್ರಿಯ ಶಿಸ್ತಿನಲ್ಲಿ ಉಣಿಸಬೇಕು.

ಇದಕ್ಕೆ ಮೂರು ಅಂಗಗಳಿವೆ. ಮೊದಲನೆಯದು ಸಂವೇದಕ. ಸಾಮಾನ್ಯವಾಗಿ ಇದು ಪ್ಲಾಟಿನಂ ತಂತಿಯದು. ಸೊನ್ನೆ ಡಿಗ್ರಿಯಲ್ಲಿ ಅದರ ವಿದ್ಯುತ್ ರೋಧ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್. ರೋಧ ಅಳೆದರೆ ಉಷ್ಣತೆ ತಿಳಿಯುತ್ತದೆ. ಎರಡನೆಯದು ನಿಯಂತ್ರಕ. ಇರಬೇಕಾದ ಉಷ್ಣತೆಯನ್ನೂ ಇರುವ ಉಷ್ಣತೆಯನ್ನೂ ಇದು ಕ್ಷಣಕ್ಷಣಕ್ಕೂ ಹೋಲಿಸುತ್ತದೆ. ಮೂರನೆಯದು ಕವಾಟ. ನಿಯಂತ್ರಕದ ಆಜ್ಞೆಯಂತೆ ಅದು ಹಬೆಯನ್ನೋ ತಣ್ಣೀರನ್ನೋ ಶಾಖ ವಿನಿಮಯದ ಕೊಳವೆಗಳಿಗೆ ಬಿಡುತ್ತದೆ. ಹಬೆ ನೇರವಾಗಿ ಬಣ್ಣದ ನೀರಿಗೆ ಸೇರುವುದಿಲ್ಲ, ಕೊಳವೆಯ ಗೋಡೆಯ ಮೂಲಕ ಶಾಖವನ್ನಷ್ಟೇ ಕೊಡುತ್ತದೆ.

ನಿಯಂತ್ರಕ ಹೇಗೆ ಯೋಚಿಸುತ್ತದೆ?

ಉಷ್ಣತೆ ಕಡಿಮೆಯಾದರೆ ಕವಾಟ ಪೂರ್ತಿ ತೆರೆ, ಮುಟ್ಟಿದರೆ ಪೂರ್ತಿ ಮುಚ್ಚು ಎಂದರೆ ಸಾಲದೆ? ಸಾಲದು. ಒಲೆ ಆರಿಸಿದ ಮೇಲೂ ಹಾಲು ಉಕ್ಕುವುದನ್ನು ನೋಡಿದ್ದೀರಿ. ಕವಾಟ ಮುಚ್ಚಿದ ಮೇಲೂ ಕೊಳವೆಯಲ್ಲಿ ಉಳಿದ ಶಾಖ ನೀರನ್ನು ಗುರಿ ದಾಟಿಸುತ್ತದೆ. ಆಮೇಲೆ ಉಷ್ಣತೆ ಗುರಿಗಿಂತ ಕೆಳಗೆ ಇಳಿಯುತ್ತದೆ. ಹೀಗೆ ತೂಗಾಟ ನಡೆಯುತ್ತದೆ.

ಅದಕ್ಕಾಗಿ ನಿಯಂತ್ರಕ ಮೂರು ಪ್ರಶ್ನೆ ಕೇಳಿಕೊಳ್ಳುತ್ತದೆ. ಗುರಿ ಈಗ ಎಷ್ಟು ದೂರವಿದೆ? ದೂರವಿದ್ದರೆ ಕವಾಟ ಅಗಲವಾಗಿ ತೆರೆಯಲಿ, ಹತ್ತಿರವಾದಂತೆ ಕಿರಿದಾಗಲಿ. ಇದು ಅನುಪಾತ. ಇಷ್ಟು ಹೊತ್ತಿನಿಂದ ಒಟ್ಟು ಎಷ್ಟು ಕೊರತೆ ಉಳಿದಿದೆ? ಯಂತ್ರದ ಮೈಯಿಂದ ಶಾಖ ಸೋರುವುದರಿಂದ ಉಷ್ಣತೆ ಗುರಿಗಿಂತ ಅರ್ಧ ಡಿಗ್ರಿ ಕೆಳಗೇ ನಿಂತರೆ, ಆ ಕೊರತೆ ಸೇರುತ್ತ ಸೇರುತ್ತ ಕವಾಟವನ್ನು ಇನ್ನಷ್ಟು ತೆರೆಸುತ್ತದೆ. ಇದು ಅನುಕಲನ. ಈಗ ಯಾವ ವೇಗದಲ್ಲಿ ಏರುತ್ತಿದೆ? ರಭಸ ಹೆಚ್ಚಿದ್ದರೆ ಮುಂಚೆಯೇ ಕಡಿವಾಣ. ಇದು ಅವಕಲನ. ಕಲನಶಾಸ್ತ್ರ ಯಾವ ಉಪಯೋಗಕ್ಕೆ ಎಂದು ಕೇಳುವ ಪಿ.ಯು.ಸಿ. ಮಿತ್ರರು ಗಮನಿಸಲಿ! ಈ ಮೂರೂ ಸೇರಿದ ವಿಧಾನಕ್ಕೆ ಪಿಐಡಿ ಎಂದು ಹೆಸರು. ಇದರ ಗಣಿತವನ್ನು ನಿಕೊಲಸ್ ಮಿನೋರ್ಸ್ಕಿ 1922ರಲ್ಲಿ ವಿವರಿಸಿದ್ದು ಹಡಗಿನ ಚುಕ್ಕಾಣಿ ಹಿಡಿಯುವ ನಾವಿಕರ ಕೈಚಳಕವನ್ನು ಗಮನಿಸಿ. ಅನುಭವಿಯ ‘ಹದ’ವೇ ಸಮೀಕರಣದ ರೂಪ ಪಡೆಯಿತು ಎನ್ನಬಹುದು.

ಹದ ತಪ್ಪಿದರೆ

ಒಂದು ಲಾಟು 130ರಲ್ಲಿ, ಇನ್ನೊಂದು 126ರಲ್ಲಿ ಬೆಂದರೆ ಬಣ್ಣದ ಛಾಯೆ ಬೇರೆಯಾಗಬಹುದು. ಎರಡೂ ಲಾಟಿನ ಬಟ್ಟೆ ಸೇರಿಸಿ ಸಮವಸ್ತ್ರ ಹೊಲಿದರೆ ತೋಳು ಒಂದು ಬಣ್ಣ, ಮೈ ಇನ್ನೊಂದು ಬಣ್ಣ. ಕೆಟ್ಟ ಲಾಟನ್ನು ತೊಳೆದು ಮತ್ತೆ ಬಣ್ಣ ಹಾಕಬೇಕೆಂದರೆ ಅಷ್ಟೇ ನೀರು, ಅಷ್ಟೇ ಹಬೆ ಮತ್ತೊಮ್ಮೆ ಬೇಕು. ಬಣ್ಣದ ಕೊಳೆನೀರೂ ಹೆಚ್ಚುತ್ತದೆ. ಬೇಸಿಗೆಯಲ್ಲಿ ಕೊಡ ಹಿಡಿದು ಸರದಿಯಲ್ಲಿ ನಿಲ್ಲುವ ನಮ್ಮ ಸೀಮೆಯ ಜನಕ್ಕೆ 4,000 ಲೀಟರ್ ನೀರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಮಾತನ್ನು ಮರೆಯಬಾರದು. ಒತ್ತಡದಲ್ಲಿರುವ ಯಂತ್ರದ ಮುಚ್ಚಳ ಬಿಸಿಯಿರುವಾಗ ತೆರೆದರೆ ನೀರು ಕ್ಷಣದಲ್ಲಿ ಹಬೆಯಾಗಿ ಸಿಡಿಯುತ್ತದೆ. ಆದ್ದರಿಂದ ಒಳಗಿನ ಒತ್ತಡ ಪೂರ್ತಿ ಇಳಿದು, ನೀರು ಕುದಿಬಿಂದುವಿಗಿಂತ ಸಾಕಷ್ಟು ಕೆಳಗೆ ತಣಿಯುವವರೆಗೆ ಮುಚ್ಚಳ ತೆರೆಯದಂತೆ ತಡೆಬೀಗ ಇರಿಸಿರುತ್ತಾರೆ. ಹತ್ತು ನಿಮಿಷ ಉಳಿಸಲು ಆ ಬೀಗವನ್ನು ತಪ್ಪಿಸುವುದು ಪ್ರಾಣಕ್ಕೆ ಸಂಚಕಾರ. ನಮ್ಮ ಗಡಿಯಾಚೆಯ ಸೊಲ್ಲಾಪುರದಂಥ ಜವಳಿ ಊರುಗಳಿಗೆ ನಿಮ್ಮಲ್ಲಿ ಕೆಲವರು ಮುಂದೆ ಕೆಲಸಕ್ಕೆ ಹೋಗಬಹುದು. ಹೋದಾಗ ಇದು ನೆನಪಿರಲಿ.

ನೀವೇ ನಿಯಂತ್ರಕರಾಗಿ

ಶಾಲೆಯ ಪ್ರಯೋಗಾಲಯದಲ್ಲಿ ಮೇಷ್ಟರ ಎದುರು ಇದನ್ನು ಮಾಡಿ ನೋಡಿ. ಬೀಕರಿನಲ್ಲಿ ಅರ್ಧ ಲೀಟರ್ ನೀರು, ಒಂದು ಉಷ್ಣಮಾಪಕ, ಕೆಳಗೆ ಬರ್ನರ್. ನೀರನ್ನು 60 ಡಿಗ್ರಿಗೆ ಏರಿಸಿ, 20 ನಿಮಿಷ 59 ಮತ್ತು 61ರ ನಡುವೆಯೇ ಇರುವಂತೆ ಉರಿಯನ್ನು ಹೆಚ್ಚು ಕಡಿಮೆ ಮಾಡಿ. ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಂಡು ನಕ್ಷಾಹಾಳೆಯಲ್ಲಿ ರೇಖೆ ಎಳೆಯಿರಿ. ಮೊದಲ ಸಲ ರೇಖೆ ಬೆಟ್ಟಗುಡ್ಡದಂತೆ ಬರುವುದು ಸಹಜ. ಮೂರನೆಯ ಸಲದ ಹೊತ್ತಿಗೆ ಉರಿಯನ್ನು ಯಾವಾಗ ತಗ್ಗಿಸಬೇಕೆಂದು ನಿಮ್ಮ ಕೈಗೇ ತಿಳಿಯತೊಡಗುತ್ತದೆ. ಆಗ ಮೂರೂ ರೇಖೆಗಳನ್ನು ಪಕ್ಕಪಕ್ಕ ಇಟ್ಟು, ಮೇಲಿನ ಮೂರು ಪ್ರಶ್ನೆಗಳಲ್ಲಿ ಯಾವುದನ್ನು ನೀವು ಮೊದಲು ಕಲಿತಿರಿ ಎಂದು ಗೆಳೆಯರೊಡನೆ ಚರ್ಚಿಸಿ.