ಎಲೆ ಇಪ್ಪತ್ತನಾಲ್ಕು, ಅನ್ನವೆಷ್ಟು?

ಕಚೇರಿಗೆ ಸ್ವಿಚ್ಚು ಕೊಳ್ಳುವವರು ಕೇಳಲೇಬೇಕಾದ ಕೆಲವು ಪ್ರಶ್ನೆಗಳು

ತಂತಿಯ ದೂರವಾಣಿ ಮನೆಯ ಮೂಲೆಯ ಮೇಜನ್ನು ಅಲಂಕರಿಸಿದ್ದ ಕಾಲವನ್ನು ಕಂಡವರಿಗೆ ಒಂದು ಸೋಜಿಗ ನೆನಪಿರಬಹುದು. ಊರಿನ ದೀಪಗಳೆಲ್ಲ ಆರಿ, ಮನೆಮಂದಿ ಬೆಂಕಿಪೊಟ್ಟಣಕ್ಕಾಗಿ ತಡಕಾಡುತ್ತಿರುವಾಗಲೂ ದೂರವಾಣಿಯ ಗಂಟೆ ಮಾತ್ರ ಎಂದಿನಂತೆ ಬಾರಿಸುತ್ತಿತ್ತು. ಕಾರಣ ಸರಳವಾದುದು. ಆ ಉಪಕರಣ ಮನೆಯ ವಿದ್ಯುತ್ತನ್ನು ನೆಚ್ಚಿದುದಲ್ಲ. ದೂರವಾಣಿ ಕೇಂದ್ರದ 48 ವೋಲ್ಟು ಬ್ಯಾಟರಿಗಳಿಂದ, ಮಾತು ಬರುವ ತಂತಿಯಲ್ಲಿಯೇ, ಅದಕ್ಕೆ ಬೇಕಾದ ಶಕ್ತಿಯೂ ಹರಿದು ಬರುತ್ತಿತ್ತು. ಮಾತೂ ಅನ್ನವೂ ಒಂದೇ ದಾರಿಯಲ್ಲಿ!

ಆ ಹಳೆಯ ಜಾಣ್ಮೆ ಈಗ ಹೊಸ ವೇಷದಲ್ಲಿ ಕಚೇರಿಗಳನ್ನು ಪ್ರವೇಶಿಸಿದೆ. ಬಾಗಿಲ ಮೇಲಿನ ಕಾವಲು ಕ್ಯಾಮೆರಾ, ಮೇಜಿನ ಮೇಲಿನ ಫೋನು, ಛಾವಣಿಗೆ ಅಂಟಿಕೊಂಡ ವೈ-ಫೈ ಪೆಟ್ಟಿಗೆ, ಇವಾವುದಕ್ಕೂ ಪಕ್ಕದಲ್ಲಿ ಪ್ಲಗ್ಗು ಬೇಕಾಗಿಲ್ಲ. ಸಂದೇಶವನ್ನು ಹೊತ್ತು ತರುವ ಈಥರ್ನೆಟ್ ತಂತಿಯೇ ವಿದ್ಯುತ್ತನ್ನೂ ಹೊತ್ತು ತರುತ್ತದೆ. ಈಥರ್ನೆಟ್ ಹುಟ್ಟಿದುದು 1973ರಲ್ಲಿ, ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿ. ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಅದನ್ನು ರೂಪಿಸಿದವರು. ಆ ತಂತಿಯಲ್ಲಿ ವಿದ್ಯುತ್ತನ್ನೂ ಕಳುಹಿಸುವುದಕ್ಕೆ ಎಲ್ಲ ತಯಾರಕರಿಗೂ ಸಮ್ಮತವಾದ ನಿಯಮ ದೊರೆತುದು ಮೂವತ್ತು ವರ್ಷಗಳ ಅನಂತರ, 2003ರಲ್ಲಿ. 'ಪವರ್ ಓವರ್ ಈಥರ್ನೆಟ್', ಸಂಕ್ಷೇಪವಾಗಿ ಪಿ.ಒ.ಇ., ಎಂದು ಅದರ ಹೆಸರು.

ಈ ಅನ್ನವನ್ನು ಬಡಿಸುವುದು ಸ್ವಿಚ್ಚಿನ ಕೆಲಸ. ಸ್ವಿಚ್ಚೆಂದರೆ ಇಲ್ಲಿ ಗೋಡೆಯ ಮೇಲಿನ ದೀಪದ ಗುಂಡಿಯಲ್ಲ. ಕಚೇರಿಯ ಗಣಕಯಂತ್ರ, ಕ್ಯಾಮೆರಾ, ಫೋನುಗಳ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆ. ಅಂಚೆಯ ಗುಮಾಸ್ತ ವಿಳಾಸ ನೋಡಿ ಕಾಗದಗಳನ್ನು ವಿಂಗಡಿಸುವಂತೆ ಅದು ಸಂದೇಶಗಳನ್ನು ವಿಂಗಡಿಸಿ ಆಯಾ ತಂತಿಗೆ ಕಳುಹಿಸುತ್ತದೆ. ತಂತಿಯನ್ನು ಸಿಕ್ಕಿಸುವ ಕಿಂಡಿಗಳಿಗೆ ಪೋರ್ಟುಗಳೆನ್ನುತ್ತಾರೆ. ಅಂಗಡಿಗೆ ಹೋದವರಲ್ಲಿ ಹೆಚ್ಚಿನವರು ಎಣಿಸುವುದು ಈ ಕಿಂಡಿಗಳನ್ನೇ. ಎಂಟಿವೆಯೆ, ಹದಿನಾರಿವೆಯೆ, ಇಪ್ಪತ್ತನಾಲ್ಕಿವೆಯೆ ಎಂದು ನೋಡಿ, ಬೆಲೆ ಚೌಕಾಸಿ ಮಾಡಿ, ಹೊತ್ತು ತರುತ್ತಾರೆ. ಎಡವುವುದು ಇಲ್ಲಿಯೇ.

ಅನ್ನದ ಲೆಕ್ಕ

ಮದುವೆಯ ಮನೆಯಲ್ಲಿ ಇಪ್ಪತ್ತನಾಲ್ಕು ಎಲೆ ಹಾಕಿದ ಮಾತ್ರಕ್ಕೆ ಇಪ್ಪತ್ತನಾಲ್ಕು ಜನಕ್ಕೆ ಸಾಕಾಗುವಷ್ಟು ಅನ್ನ ಬೆಂದಿದೆಯೆಂದು ಅರ್ಥವಲ್ಲ. ಎಲೆ ಬೇರೆ, ಕೊಪ್ಪರಿಗೆಯಲ್ಲಿರುವ ಅನ್ನ ಬೇರೆ. ಸ್ವಿಚ್ಚಿನಲ್ಲಿಯೂ ಹಾಗೆಯೇ. ಒಂದೊಂದು ಪೋರ್ಟು ಹೆಚ್ಚೆಂದರೆ ಎಷ್ಟು ವ್ಯಾಟು ಕೊಡಬಲ್ಲದು ಎಂಬುದು ಒಂದು ಸಂಖ್ಯೆ. ಎಲ್ಲ ಪೋರ್ಟುಗಳೂ ಸೇರಿ ಒಟ್ಟಿಗೆ ಎಷ್ಟು ಕೊಡಬಲ್ಲವು ಎಂಬುದು ಇನ್ನೊಂದು ಸಂಖ್ಯೆ. ಎರಡನೆಯದನ್ನು ಪವರ್ ಬಜೆಟ್ ಎಂದು ಕರೆಯುತ್ತಾರೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ಕಿಂಡಿಗಳ ಸಂಖ್ಯೆ. ಬಜೆಟ್ಟನ್ನು ಸಣ್ಣಕ್ಷರದಲ್ಲಿ ಹುಡುಕಬೇಕು.

ಒಂದೊಂದು ಪೋರ್ಟಿನ ಮಿತಿಯನ್ನು ನಿಯಮಗಳೇ ಗೊತ್ತುಮಾಡಿವೆ. 2003ರ ನಿಯಮಕ್ಕೆ 802.3 ಎ.ಎಫ್. ಎಂದು ಹೆಸರು, ಅದರಂತೆ ಒಂದು ಪೋರ್ಟು 15.4 ವ್ಯಾಟು ಕೊಡುತ್ತದೆ. 2009ರ 802.3 ಎ.ಟಿ. ನಿಯಮದಲ್ಲಿ ಇದು 30 ವ್ಯಾಟಿಗೆ ಏರಿತು. 2018ರ 802.3 ಬಿ.ಟಿ. ನಿಯಮ ಮೊದಲು 60, ಅನಂತರ 90 ವ್ಯಾಟಿನವರೆಗೆ ಎರಡು ಮೆಟ್ಟಿಲುಗಳನ್ನು ಕಟ್ಟಿತು.

ಸ್ವಿಚ್ಚು ಕೊಟ್ಟುದೆಲ್ಲವೂ ಉಪಕರಣದ ಬಾಯಿಗೆ ಬೀಳುವುದಿಲ್ಲ. 44 ವೋಲ್ಟಿನ ಒತ್ತಡದಲ್ಲಿ 0.35 ಆಂಪಿಯರ್ ಪ್ರವಾಹ ಹರಿದರೆ 15.4 ವ್ಯಾಟಾಯಿತು. ನೂರು ಮೀಟರ್ ತಂತಿಯಲ್ಲಿ ಹೋಗಿ ಬರುವ ದಾರಿಯ ತಡೆಯನ್ನು 20 ಓಮ್ ಎಂದು ಹಿಡಿದರೆ 2.45 ವ್ಯಾಟು ಬಿಸಿಯಾಗಿ ದಾರಿಯಲ್ಲೇ ಕಳೆದುಹೋಗುತ್ತದೆ. ದಾರಿಯ ಸುಂಕ ಸಂದಾಯವಾದ ಮೇಲೆ ಉಳಿಯುವುದು 12.95 ವ್ಯಾಟು. ನಿಯಮ ಉಪಕರಣಕ್ಕೆ ಭರವಸೆ ಕೊಡುವುದು ಇಷ್ಟನ್ನೇ. 30 ವ್ಯಾಟಿನ ಪೋರ್ಟಿನಿಂದಲೂ ಹೀಗೆಯೇ 25.5 ವ್ಯಾಟು ತಲುಪುತ್ತದೆ.

ದೀಪ ಹಚ್ಚುವ ಹೊತ್ತಿನ ಕುರುಡು

ಈಗ ಒಂದು ತಾಲ್ಲೂಕು ಕೇಂದ್ರದ ಸಹಕಾರ ಸಂಘದ ಕಚೇರಿಯನ್ನು ಊಹಿಸಿಕೊಳ್ಳೋಣ. ಗೋಡೆಗಳ ಮೇಲೆ ಏಳು ಕ್ಯಾಮೆರಾಗಳು, ಹೆಬ್ಬಾಗಿಲಿನಲ್ಲಿ ಕತ್ತು ತಿರುಗಿಸಿ ನೋಡಬಲ್ಲ ದೊಡ್ಡ ಕ್ಯಾಮೆರಾ ಒಂದು, ಆರು ಫೋನುಗಳು, ಮೂರು ವೈ-ಫೈ ಪೆಟ್ಟಿಗೆಗಳು. ಒಟ್ಟು ಹದಿನೇಳು. "ಸ್ವಾಮಿ, ಇಪ್ಪತ್ತನಾಲ್ಕು ಪೋರ್ಟಿನದು ತೆಗೆದುಕೊಳ್ಳಿ, ನಿಶ್ಚಿಂತೆಯಾಗಿರಿ" ಎಂದು ವ್ಯಾಪಾರಿ 120 ವ್ಯಾಟು ಬಜೆಟ್ಟಿನ ಸ್ವಿಚ್ಚೊಂದನ್ನು ಕೊಟ್ಟನೆನ್ನಿ.

ಹಗಲಿನ ಲೆಕ್ಕ ನೋಡೋಣ. ಸಣ್ಣ ಕ್ಯಾಮೆರಾಗಳು ತಲಾ 5 ವ್ಯಾಟಿನಂತೆ 35, ದೊಡ್ಡದು 12, ಫೋನುಗಳು ತಲಾ 4ರಂತೆ 24, ವೈ-ಫೈ ಪೆಟ್ಟಿಗೆಗಳು ತಲಾ 15ರಂತೆ 45. ಕೂಡಿದರೆ 116. ಸ್ವಿಚ್ಚು ಸರಾಗವಾಗಿ ನಡೆಯುತ್ತದೆ. ಕಾರ್ಯದರ್ಶಿಗಳು ಸಂತೋಷದಿಂದ ಬಿಲ್ಲಿಗೆ ಸಹಿ ಹಾಕುತ್ತಾರೆ.

ಸೂರ್ಯ ಮುಳುಗುತ್ತದೆ. ಕತ್ತಲಲ್ಲಿ ನೋಡುವುದಕ್ಕಾಗಿ ಪ್ರತಿಯೊಂದು ಕ್ಯಾಮೆರಾವೂ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳನ್ನು ಹೊತ್ತಿಸಿಕೊಳ್ಳುತ್ತದೆ. 5 ವ್ಯಾಟು ಉಣ್ಣುತ್ತಿದ್ದುದು 10ನ್ನು ಬೇಡುತ್ತದೆ. ದೊಡ್ಡ ಕ್ಯಾಮೆರಾ 22ನ್ನು ಕೇಳುತ್ತದೆ. ಒಟ್ಟು ಬೇಡಿಕೆ 161ಕ್ಕೆ ನೆಗೆಯುತ್ತದೆ. ಕೊಪ್ಪರಿಗೆಯಲ್ಲಿರುವುದು 120. ಆಗ ಸ್ವಿಚ್ಚು ಮಾಡುವುದೇನು? ಪಂಕ್ತಿಯ ಕೊನೆಯಲ್ಲಿ ಕುಳಿತವರ ಎಲೆಗೆ ಬಡಿಸುವುದನ್ನು ನಿಲ್ಲಿಸುತ್ತದೆ. ಮೊದಲೇ ಆದ್ಯತೆಯನ್ನು ಹೇಳಿಡದಿದ್ದರೆ ಸಾಮಾನ್ಯವಾಗಿ ದೊಡ್ಡ ಸಂಖ್ಯೆಯ ಪೋರ್ಟುಗಳೇ ಮೊದಲು ಉಪವಾಸ ಬೀಳುತ್ತವೆ. ಅಲ್ಲಿ ಹೆಬ್ಬಾಗಿಲ ಕ್ಯಾಮೆರಾ ಇದ್ದರೆ, ಕಳ್ಳ ಬರಬಹುದಾದ ಹೊತ್ತಿಗೇ ಕಾವಲಿನ ಕಣ್ಣು ಮುಚ್ಚಿತು. ಬೆಳಗ್ಗೆ ಬಂದು ನೋಡಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ! ಕ್ಯಾಮೆರಾ ಕೆಟ್ಟಿದೆಯೆಂದು ಅದನ್ನು ಬದಲಾಯಿಸುವವರೂ ಉಂಟು. ರೋಗ ಒಂದೆಡೆ, ಮದ್ದು ಇನ್ನೊಂದೆಡೆ.

ಆದುದರಿಂದ ಲೆಕ್ಕ ಹಾಕುವಾಗ ಪ್ರತಿ ಉಪಕರಣದ ಅತ್ಯಧಿಕ ಬಳಕೆಯನ್ನು, ಅದರ ವಿವರಪತ್ರಿಕೆಯಿಂದಲೇ, ಬರೆದುಕೊಳ್ಳಬೇಕು. ಬಂದ ಮೊತ್ತಕ್ಕೆ ಕಾಲುಭಾಗ ಸೇರಿಸಬೇಕು. ನಮ್ಮ ಸಂಘಕ್ಕಾದರೆ ಸುಮಾರು 200 ವ್ಯಾಟಾಯಿತು. ಇಲ್ಲಿಯೂ ಒಂದು ಸೂಕ್ಷ್ಮವಿದೆ. ಕೆಲವು ಸ್ವಿಚ್ಚುಗಳು ಉಪಕರಣ ನಿಜವಾಗಿ ಉಣ್ಣುವುದನ್ನು ಅಳೆದು ಲೆಕ್ಕವಿಡುತ್ತವೆ. ಇನ್ನು ಕೆಲವು, ಉಪಕರಣ ತನ್ನ ವರ್ಗವನ್ನು ಹೇಳಿಕೊಂಡೊಡನೆಯೇ ಆ ವರ್ಗದ ಪೂರ್ಣ ಪಾಲನ್ನು ಕಾದಿರಿಸಿಬಿಡುತ್ತವೆ. ಎರಡನೆಯ ವರ್ಗಕ್ಕೆ 7 ವ್ಯಾಟು, ಮೂರನೆಯದಕ್ಕೆ 15.4, ನಾಲ್ಕನೆಯದಕ್ಕೆ 30. ನಮ್ಮ ಫೋನುಗಳು ಎರಡನೆಯ ವರ್ಗದವು, ಸಣ್ಣ ಕ್ಯಾಮೆರಾಗಳು ಮೂರನೆಯವು, ಉಳಿದವು ನಾಲ್ಕನೆಯವು ಎಂದಿಟ್ಟುಕೊಂಡರೆ, ಕಾದಿರಿಸಬೇಕಾದುದು ಸುಮಾರು 270 ವ್ಯಾಟು. 161 ವ್ಯಾಟು ಉಣ್ಣುವ ಮನೆಗೆ 270ರ ಅಡುಗೆ! ಬಜೆಟ್ಟನ್ನು ಯಾವ ಕ್ರಮದಲ್ಲಿ ಹಂಚುತ್ತದೆ, ಆ ಕ್ರಮವನ್ನು ಬದಲಿಸಲು ಬರುತ್ತದೆಯೆ ಎಂದು ಕೇಳಿಯೇ ಕೊಳ್ಳಬೇಕು.

ಕೇಳಿ ಬಡಿಸುವ ಪದ್ಧತಿ

ಇಷ್ಟು ವಿದ್ಯುತ್ತು ಬರುವ ಕಿಂಡಿಗೆ ಸಾಮಾನ್ಯ ಗಣಕಯಂತ್ರವನ್ನು ಸಿಕ್ಕಿಸಿದರೆ ಸುಟ್ಟುಹೋಗದೆ ಎಂದು ಅನೇಕರು ಅಂಜುತ್ತಾರೆ. ಅಂಜಬೇಕಾಗಿಲ್ಲ. ನಿಯಮಬದ್ಧವಾದ ಸ್ವಿಚ್ಚು ಕೇಳದೆ ಬಡಿಸುವುದಿಲ್ಲ. ಮೊದಲು ಅತ್ಯಲ್ಪ ಒತ್ತಡವನ್ನು ಕಳುಹಿಸಿ, ಆ ಕಡೆ ಸುಮಾರು 25 ಸಾವಿರ ಓಮಿನ ಗುರುತಿನ ತಡೆ ಇದೆಯೆ ಎಂದು ಪರೀಕ್ಷಿಸುತ್ತದೆ. ಆ ಗುರುತು ಸಿಕ್ಕರೆ ಮಾತ್ರ ವರ್ಗವನ್ನು ವಿಚಾರಿಸಿ ಪೂರ್ಣ ಶಕ್ತಿಯನ್ನು ಹರಿಸುತ್ತದೆ. ಗಣಕಯಂತ್ರದಲ್ಲಿ ಆ ಗುರುತಿಲ್ಲ. ಅದಕ್ಕೆ ಸಂದೇಶ ಮಾತ್ರ ಹೋಗುತ್ತದೆ. ಆದರೆ ಪ್ಯಾಸಿವ್ ಪಿ.ಒ.ಇ. ಎಂಬ ಅಗ್ಗದ ಬಗೆಯೊಂದು ಮಾರುಕಟ್ಟೆಯಲ್ಲಿದೆ. ಅದು ಕೇಳದೆಯೇ ಸುರಿಯುತ್ತದೆ. ಕಚೇರಿಗೆ ಅದು ಸಲ್ಲದು.

ಅಪ್ಪಣೆ ಕೇಳುವ ಸ್ವಿಚ್ಚು

ಮ್ಯಾನೇಜ್ಡ್ ಸ್ವಿಚ್ಚೆಂದರೆ ನಮ್ಮ ಅಪ್ಪಣೆಯನ್ನು ಕೇಳುವ ಸ್ವಿಚ್ಚು. ಇದಕ್ಕೆ ಬೆಲೆ ಹೆಚ್ಚು. ಸಣ್ಣ ಕಚೇರಿಗೆ ಇದರ ಅಗತ್ಯವುಂಟೆ ಎಂಬ ಪ್ರಶ್ನೆ ಸಹಜ. ಕ್ಯಾಮೆರಾಗಳೂ ಲೆಕ್ಕಪತ್ರದ ಗಣಕಯಂತ್ರವೂ ಒಂದೇ ಪೆಟ್ಟಿಗೆಗೆ ಸೇರುವುದಾದರೆ ಉಂಟು ಎಂಬುದೇ ನನ್ನ ಉತ್ತರ.

ಮೊದಲನೆಯ ಕಾರಣ, ಗೋಡೆ. 1998ರಲ್ಲಿ ಹೊರಬಿದ್ದ 802.1 ಕ್ಯು. ಎಂಬ ನಿಯಮದಂತೆ ಒಂದೇ ಸ್ವಿಚ್ಚಿನೊಳಗೆ ವಿ-ಲ್ಯಾನ್‌ಗಳೆಂಬ ಪ್ರತ್ಯೇಕ ಕೋಣೆಗಳನ್ನು ಮಾಡಬಹುದು. ಕ್ಯಾಮೆರಾಗಳಿಗೊಂದು ಕೋಣೆ, ಫೋನುಗಳಿಗೊಂದು, ಲೆಕ್ಕಪತ್ರಕ್ಕೊಂದು, ಬಂದುಹೋಗುವವರ ವೈ-ಫೈಗೊಂದು. ಇದು ಅತಿಜಾಗ್ರತೆಯಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಅಸಂಖ್ಯ ಕ್ಯಾಮೆರಾಗಳನ್ನೂ ಅವುಗಳ ಚಿತ್ರವನ್ನು ಮುದ್ರಿಸಿಕೊಳ್ಳುವ ಪೆಟ್ಟಿಗೆಗಳನ್ನೂ ವಶಮಾಡಿಕೊಂಡಿತು. ಅದೇ ಅಕ್ಟೋಬರಿನಲ್ಲಿ ಅವುಗಳ ಮೂಲಕ ನಡೆದ ದಾಳಿಯಿಂದ ಅಮೆರಿಕದಲ್ಲಿ ಹೆಸರಾಂತ ಜಾಲತಾಣಗಳೇ ಗಂಟೆಗಟ್ಟಲೆ ತೊಡಕಿಗೆ ಸಿಕ್ಕಿದವು. ಮನೆ ಕಾಯಲು ಇಟ್ಟವನೇ ಕಳ್ಳನಿಗೆ ಬಾಗಿಲು ತೆಗೆದಂತಾಯಿತು. ಕ್ಯಾಮೆರಾ ಶತ್ರುವಿನ ವಶವಾದರೂ ಅದು ಸದಸ್ಯರ ಠೇವಣಿಯ ಲೆಕ್ಕವನ್ನು ಮುಟ್ಟಬಾರದು; ನಡುವಣ ಗೋಡೆ ಅದಕ್ಕಾಗಿ.

ಎರಡನೆಯದು, ಸುರುಳಿಯ ಭಯ. ಯಾರೋ ಕಸಗುಡಿಸುವಾಗ ಬಿದ್ದಿದ್ದ ತಂತಿಯ ಎರಡು ತುದಿಗಳನ್ನೂ ಒಂದೇ ಸ್ವಿಚ್ಚಿಗೆ ಸಿಕ್ಕಿಸಿದರೆ, ಒಂದೇ ಸಂದೇಶ ಗಾಣದ ಎತ್ತಿನಂತೆ ಸುತ್ತುತ್ತ, ಸುತ್ತಿದಷ್ಟೂ ಬೆಳೆಯುತ್ತ, ಕಚೇರಿಯ ಜಾಲವನ್ನೇ ಸ್ತಂಭನಗೊಳಿಸಬಹುದು. ಇದಕ್ಕೆ ಮದ್ದನ್ನು 1985ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ವಿದುಷಿ ಕಂಡುಹಿಡಿದರು. ಸ್ಪ್ಯಾನಿಂಗ್ ಟ್ರೀ ಎಂಬ ಆ ವಿಧಾನ ಸುರುಳಿಯನ್ನು ಗುರುತಿಸಿ ಒಂದು ದಾರಿಯನ್ನು ತಾನೇ ಮುಚ್ಚುತ್ತದೆ. ಕೊಳ್ಳುವ ಸ್ವಿಚ್ಚಿನಲ್ಲಿ ಅದು ಇರಲೇಬೇಕು.

ಮೂರನೆಯದು, ಅನುಕೂಲ. ಸಿಡಿ ಏರಬೇಕಾದ ಎತ್ತರದಲ್ಲಿರುವ ಕ್ಯಾಮೆರಾ ಮಂಕುಹಿಡಿದು ನಿಂತರೆ, ಕುಳಿತಲ್ಲಿಂದಲೇ ಆ ಪೋರ್ಟಿನ ವಿದ್ಯುತ್ತನ್ನು ಕಡಿದು ಮತ್ತೆ ಕೊಡಬಹುದು. ಯಾವ ಪೋರ್ಟು ಎಷ್ಟು ವ್ಯಾಟು ಉಣ್ಣುತ್ತಿದೆಯೆಂದು ನೋಡಬಹುದು. ಕೊರತೆ ಬಂದರೆ ಮೊದಲು ಯಾರನ್ನು ಪಂಕ್ತಿಯಿಂದ ಎಬ್ಬಿಸಬೇಕು, ಯಾರನ್ನು ಎಂದಿಗೂ ಎಬ್ಬಿಸಬಾರದು ಎಂದು ಮುಂಚಿತವಾಗಿ ಕಟ್ಟುಮಾಡಬಹುದು. ಹೆಬ್ಬಾಗಿಲ ಕ್ಯಾಮೆರಾ ಮೊದಲ ಪಂಕ್ತಿಯಲ್ಲಿರಲಿ. ಊಟದ ಕೋಣೆಯ ಫೋನು ಕಾಯಬಲ್ಲದು.

ಆದರೆ ಅಪ್ಪಣೆ ಕೇಳುವವನಿಗೆ ಅಪ್ಪಣೆ ಕೊಡುವವರು ಬೇಕಷ್ಟೆ. ಮ್ಯಾನೇಜ್ಡ್ ಸ್ವಿಚ್ಚನ್ನು ತಂದು, ಅದರ ಪಾಸ್‌ವರ್ಡನ್ನೂ ಬದಲಿಸದೆ, ಕೋಣೆಗಳನ್ನೂ ಮಾಡದೆ ಬಿಟ್ಟರೆ ಹೆಚ್ಚಿನ ಹಣ ನೀರಿಗೆ ಹೋಯಿತೆಂದೇ ತಿಳಿಯಬೇಕು. ಜೋಡಿಸಿದವನು ಏನೇನು ವ್ಯವಸ್ಥೆ ಮಾಡಿದನೆಂಬುದನ್ನು ಕಾಗದದ ಮೇಲೆ ಬರೆಸಿಕೊಂಡು ಕಡತದಲ್ಲಿಡಬೇಕು. ಅವನು ಊರು ಬಿಟ್ಟುಹೋದ ಮೇಲೆ ಆ ಕಾಗದವೇ ಗತಿ.

ತಂತಿ, ಸಿಡಿಲು, ಬ್ಯಾಟರಿ

ಒಳ್ಳೆಯ ಸ್ವಿಚ್ಚಿಗೆ ಕೆಟ್ಟ ತಂತಿಯನ್ನು ಹಾಕುವುದು ಹಸಿವಾದವನಿಗೆ ತೂತಿನ ತಟ್ಟೆಯಲ್ಲಿ ಬಡಿಸಿದಂತೆ. ಅಲ್ಯುಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ತಂತಿ ಅಗ್ಗವಾಗಿ ಸಿಗುತ್ತದೆ. ಅದರ ತಡೆ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಅಷ್ಟೇ ಬಿಸಿ, ಅಷ್ಟೇ ನಷ್ಟ. ಅಪ್ಪಟ ತಾಮ್ರದ ಕ್ಯಾಟ್ 5ಇ ಅಥವಾ ಕ್ಯಾಟ್ 6 ತಂತಿಯನ್ನೇ ಕೇಳಿ, 100 ಮೀಟರಿನ ಗಡಿಯನ್ನು ದಾಟದೆ ಎಳೆಸಬೇಕು.

ಮುಂಗಾರಿಗೆ ಮೊದಲಿನ ಸಿಡಿಲುಮಳೆಯನ್ನು ಕಂಡ ನಮ್ಮ ನಾಡಿನಲ್ಲಿ ಬಯಲಿನ ತಂತಿಯ ವಿಷಯದಲ್ಲಿ ಉದಾಸೀನ ಸಲ್ಲದು. ಹೊರಗಿನ ಕ್ಯಾಮೆರಾಗಳ ತಂತಿಗೆ ಮಿಂಚುರಕ್ಷಕವೂ ಸ್ವಿಚ್ಚಿನ ಪೆಟ್ಟಿಗೆಗೆ ಒಳ್ಳೆಯ ಅರ್ಥಿಂಗೂ ಇರಬೇಕು. ಪಕ್ಕದ ಉಗ್ರಾಣದ ಕಟ್ಟಡಕ್ಕೆ ಸಂಪರ್ಕ ಬೇಕಾದರೆ ತಾಮ್ರವನ್ನು ಬಿಟ್ಟು ಗಾಜಿನ ಎಳೆಯ ಫೈಬರ್ ಎಳೆಯುವುದೇ ಲೇಸು; ಗಾಜು ಸಿಡಿಲಿನ ಹೊಡೆತವನ್ನು ಒಯ್ಯಲಾರದು. ಅದು ಕ್ಯಾಮೆರಾಕ್ಕೆ ಅನ್ನವನ್ನೂ ಒಯ್ಯಲಾರದಾದ್ದರಿಂದ ಆ ತುದಿಯಲ್ಲಿ ಇನ್ನೊಂದು ಸಣ್ಣ ಸ್ವಿಚ್ಚು ಬೇಕಾಗುತ್ತದೆ. ಫೈಬರಿಗಾಗಿ ಎಸ್.ಎಫ್.ಪಿ. ಎಂಬ ಕಿಂಡಿಗಳು ಇವೆಯೆ ಎಂದು ಕೊಳ್ಳುವಾಗಲೇ ನೋಡಿಕೊಳ್ಳಬೇಕು.

ವಿದ್ಯುತ್ತು ಹೋದಾಗಲೇ ಈ ಪದ್ಧತಿಯ ನಿಜವಾದ ಉಪಕಾರ ತಿಳಿಯುವುದು. ಹದಿನೇಳು ಉಪಕರಣಗಳಿಗೆ ಹದಿನೇಳು ಬ್ಯಾಟರಿ ಬೇಡ. ಸ್ವಿಚ್ಚಿಗೊಂದು ಇದ್ದರೆ ಸಾಕು. ಸ್ವಿಚ್ಚಿನ ಸ್ವಂತ ಖರ್ಚೂ ನಷ್ಟವೂ ಸೇರಿ ನಮ್ಮ ಸಂಘದ ರಾತ್ರಿಯ ಹೊರೆ 220 ವ್ಯಾಟೆಂದು ಹಿಡಿದರೆ, 12 ವೋಲ್ಟಿನ 150 ಆಂಪಿಯರ್-ಗಂಟೆಯ ಒಂದು ಒಳ್ಳೆಯ ಬ್ಯಾಟರಿ ಐದು ಗಂಟೆಗಳಷ್ಟು ಕಾಲ ಅದನ್ನು ನಡೆಸಬಲ್ಲದು.

ಕೊನೆಯದಾಗಿ, ಎಷ್ಟು ವರ್ಷಗಳವರೆಗೆ ತಂತ್ರಾಂಶದ ತಿದ್ದುಪಡಿಗಳನ್ನು ಕೊಡುವಿರೆಂದು ತಯಾರಕರನ್ನು ಕೇಳಬೇಕು. ವರ್ಷವರ್ಷವೂ ಪರವಾನಗಿಯ ಹಣ ಕಟ್ಟಬೇಕೆ, ಕಟ್ಟದಿದ್ದರೆ ಸ್ವಿಚ್ಚು ಕೆಲಸ ನಿಲ್ಲಿಸುತ್ತದೆಯೆ ಎಂಬುದನ್ನೂ ಮೊದಲೇ ತಿಳಿದುಕೊಳ್ಳಬೇಕು.

ಇಷ್ಟಕ್ಕೂ ದೊಡ್ಡ ಪಾಂಡಿತ್ಯವೇನೂ ಬೇಕಾಗಿಲ್ಲ. ಒಂದು ಹಾಳೆ, ಒಂದು ಲೇಖನಿ, ಅರ್ಧ ಗಂಟೆಯ ತಾಳ್ಮೆ ಸಾಕು. ಮನೆಗೆ ನೆಂಟರನ್ನು ಕರೆಯುವ ಮುನ್ನ ನಮ್ಮ ಗೃಹಿಣಿಯರು ಅಕ್ಕಿಯ ಡಬ್ಬಿಯನ್ನು ಒಮ್ಮೆ ತೆರೆದು ನೋಡುವುದಿಲ್ಲವೆ? ಸ್ವಿಚ್ಚಿನ ಅಂಗಡಿಗೆ ಹೋಗುವವರು ಅವರಿಂದ ಅಷ್ಟು ಕಲಿತರೆ, ಕತ್ತಲಾದ ಮೇಲೂ ಕಚೇರಿಯ ಕಣ್ಣು ತೆರೆದೇ ಇರುತ್ತದೆ.