ಕುಣಿಮಗ್ಗದ ಟೊಂಕ, ಎಂ.ಆರ್.ಐ. ಫಿಲ್ಮು

ನಾರಾಯಣಪೇಟೆ, ಗದ್ವಾಲಗಳ ನೇಕಾರರು ಕುಣಿಮಗ್ಗದ ಮುಂದೆ ಕೂರುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಕಾಲೆರಡೂ ನೆಲದ ಕುಣಿಯೊಳಗೆ, ತುಳಿಹಲಗೆಯ ಮೇಲೆ. ಗದ್ವಾಲ ಸೀರೆಯ ಹತ್ತಿಯ ಮೈಗೆ ರೇಷ್ಮೆಯ ಅಂಚು ಎಳೆ ಎಳೆಯಾಗಿ ಕೂಡಿಕೊಳ್ಳುವಾಗ ನಡು ಮುಂದಕ್ಕೆ ಬಾಗಿರುತ್ತದೆ, ಬೆನ್ನಿಗೆ ಆಸರೆ ಇರುವುದಿಲ್ಲ. ಸಂಜೆ ಏಳುವಾಗ ಬರುವ ಮಾತು: "ಟೊಂಕ ಹಿಡದೈತಿ." ನೋವು ಹೆಚ್ಚಾದರೆ ಮಕ್ತಲ್ ಕಡೆಯವರು ಕೃಷ್ಣಾ ಹೊಳೆ ದಾಟಿ ರಾಯಚೂರಿಗೂ ಹೋಗುತ್ತಾರೆ. ಮರಳುವಾಗ ಕೈಯಲ್ಲಿ ದೊಡ್ಡ ಲಕೋಟೆ, ಬಾಯಲ್ಲಿ "ಗ್ಯಾಪ್ ಬಂದೈತಿ."

ನಿಜಕ್ಕೂ ಆಗಿರುವುದು ತಿರುವುಮುರುವು. ಬೆನ್ನುಮೂಳೆಗಳ ನಡುವೆ 23 ಡಿಸ್ಕ್‌ಗಳಿವೆ. ಹೊರಗೆ ಗಟ್ಟಿ ನಾರಿನ ಸುತ್ತುಗಳು, ಒಳಗೆ ಲೋಳೆಯಂಥ ತಿರುಳು. ಎಳೆಯ ವಯಸ್ಸಿನಲ್ಲಿ ಆ ತಿರುಳಿನ ಸುಮಾರು 80 ಶೇಕಡಾ ನೀರೇ. ವಯಸ್ಸಾದಂತೆ ನೀರು ಇಳಿದು ಡಿಸ್ಕ್ ತೆಳ್ಳಗಾದರೆ ಮೂಳೆಗಳು ಹತ್ತಿರವಾಗುತ್ತವೆ, ಅಂದರೆ ಗ್ಯಾಪ್ ಕಡಿಮೆಯಾಗುತ್ತದೆ. ಎಕ್ಸ್-ರೇಗೆ ಕಾಣುವುದು ಈ ಅಂತರವಷ್ಟೇ, ಡಿಸ್ಕ್ ಅಲ್ಲ.

ಡಿಸ್ಕನ್ನೇ ತೋರಿಸುವುದು ಎಂ.ಆರ್.ಐ. ಬಲವಾದ ಅಯಸ್ಕಾಂತದೊಳಗೆ ಮಲಗಿಸಿ ರೇಡಿಯೋ ಅಲೆ ಹಾಯಿಸಿದರೆ ದೇಹದ ನೀರಿನಲ್ಲಿರುವ ಹೈಡ್ರೋಜನ್ ಮರುದನಿ ಕೊಡುತ್ತದೆ. ಎಕ್ಸ್-ರೇಯ ವಿಕಿರಣ ಇಲ್ಲಿಲ್ಲ. 'ಟಿ-2' ಎಂಬ ಬಗೆಯ ಚಿತ್ರದಲ್ಲಿ ನೀರು ತುಂಬಿದ ಡಿಸ್ಕ್ ಬೆಳ್ಳಗೆ, ಒಣಗಿದ್ದು ಕಪ್ಪಗೆ. ಈ ಬಿಳಿ-ಕಪ್ಪನ್ನೂ ಎತ್ತರವನ್ನೂ ನೋಡಿ 1ರಿಂದ 5ರವರೆಗೆ ದರ್ಜೆ ಕೊಡುವ ಫಿರ್ಮಾನ್ ಕ್ರಮ 2001ರಲ್ಲಿ ಬಂತು.

ಹಾಗಾದರೆ ಕಪ್ಪು ಡಿಸ್ಕ್, ಉಬ್ಬಿದ ಡಿಸ್ಕ್ ಎಂದರೆ ರೋಗವೇ? ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರನ್ನು ಸ್ಕ್ಯಾನ್ ಮಾಡಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 52 ಶೇಕಡಾ ಜನರಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು. ಡಿಸ್ಕ್ ಒಣಗುವುದು ಬಹುಮಟ್ಟಿಗೆ ಕೂದಲು ನರೆತ ಹಾಗೆ. ವರದಿಯಲ್ಲಿ 'ಬಲ್ಜ್' (ಉಬ್ಬು) ಎಂಬ ಪದ ಕಂಡೊಡನೆ ಮಗ್ಗ ಬಿಟ್ಟು ಹಾಸಿಗೆ ಹಿಡಿದವರ ಬಗ್ಗೆ ನನಗೆ ಮರುಕವಾಗುತ್ತದೆ. ವಾರಗಟ್ಟಲೆ ಮಲಗಿದರೆ ಬೆನ್ನಿನ ಸ್ನಾಯುಗಳೇ ಸೊರಗುತ್ತವೆ. ಹೊರಚಾಚಿದ ತಿರುಳು ಎಷ್ಟೋ ಸಲ ತಿಂಗಳುಗಳಲ್ಲಿ ತಾನೇ ಕುಗ್ಗುತ್ತದೆ. ದೇಹದ ರಕ್ಷಣಾ ಕೋಶಗಳು ಅದನ್ನು ಕರಗಿಸುತ್ತವೆ. ಹೆಚ್ಚಿನವರಿಗೆ ನಡಿಗೆ, ವ್ಯಾಯಾಮ, ಕೆಲಕಾಲದ ನೋವಿನ ಮಾತ್ರೆ ಸಾಕಾಗುತ್ತದೆ.

ಆದರೆ ಮೂತ್ರ ಕಟ್ಟಿದರೆ, ತೊಡೆಸಂದಿ ಜೋಮು ಹಿಡಿದರೆ, ಕಾಲಿನ ಬಲ ಕುಂದುತ್ತ ಹೋದರೆ ಒಂದು ದಿನವೂ ಕಾಯಬಾರದು. ಆಗ ಎಂ.ಆರ್.ಐ. ತುರ್ತು, ಶಸ್ತ್ರಚಿಕಿತ್ಸೆಯೂ ತುರ್ತಾಗಬಹುದು.

ಉಬ್ಬಿದ ಡಿಸ್ಕ್ ಕಾಲಿಗಿಳಿಯುವ ನರವನ್ನು ಒತ್ತಬಹುದಾದ್ದರಿಂದ, ಉಳಿದವರ ಫಿಲ್ಮನ್ನು ಒಳ್ಳೆಯ ವೈದ್ಯರು ಕಾಲಿನ ಜೊತೆಗಿಟ್ಟು ಓದುತ್ತಾರೆ. ಜೋಮು ಹೆಬ್ಬೆರಳಿನ ಕಡೆಯೋ, ಕಿರುಬೆರಳಿನ ಕಡೆಯೋ? ಹಿಮ್ಮಡಿಯ ಮೇಲೆ ನಡೆಯಲು ಬರುತ್ತದೆಯೋ, ತುದಿಗಾಲಿನ ಮೇಲೋ? ಹೆಬ್ಬೆರಳು ಸಾಮಾನ್ಯವಾಗಿ ಸೊಂಟದ ಐದನೆಯ ನರದ ಸುಳಿವು, ಕಿರುಬೆರಳು ಅದರ ಕೆಳಗಿನದರದು. ಚಿತ್ರದಲ್ಲಿ ಉಬ್ಬು ಕಂಡ ಜಾಗವೂ ಜೋಮು ಹಿಡಿದ ಬೆರಳೂ ಒಂದೇ ನರವನ್ನು ತೋರಿಸಿದರೆ ಮಾತ್ರ ಆ ಡಿಸ್ಕಿನ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಹಾಗಾಗಿ ತುಳಿಹಲಗೆ ಒತ್ತುವಾಗ ಯಾವ ಕಾಲು ಸೋಲುತ್ತದೆ ಎಂಬುದನ್ನು ನೇಕಾರ ಲಕೋಟೆ ಬಿಚ್ಚುವ ಮೊದಲೇ ಹೇಳಬೇಕು.