ಬಂಗುಡೆಯ ಹೆಸರಿನ ಷಾರ್ಕುಗಳು: ಸಾದೃಶ್ಯವೂ ಸಂಬಂಧವೂ

ಕರಾವಳಿಯ ಕನ್ನಡಿಗರಿಗೆ ಬಂಗುಡೆಯ ಪರಿಚಯ ಮಾಡಿಕೊಡಬೇಕಾದುದಿಲ್ಲ. ಇಂಗ್ಲಿಷಿನಲ್ಲಿ ಈ ಬಳಗದ ಮೀನುಗಳಿಗೆ ಮ್ಯಾಕೆರಲ್ ಎಂದು ಹೆಸರು. ಅದೇ ಹೆಸರನ್ನು ಷಾರ್ಕುಗಳ ಒಂದು ಕುಟುಂಬಕ್ಕೂ ಇಟ್ಟು ‘ಮ್ಯಾಕೆರಲ್ ಷಾರ್ಕ್’ ಎನ್ನುವುದು ರೂಢಿ. ಶಾಸ್ತ್ರದಲ್ಲಿ ಅದು ಲ್ಯಾಮ್ನಿಡೀ ಕುಟುಂಬ. ಕದಿರಿನಂತಹ ಮೈ, ಬಾಲದ ಬುಡದಲ್ಲಿ ಪಕ್ಕಕ್ಕೆ ಚಾಚಿದ ಏಣು, ಅರ್ಧಚಂದ್ರಾಕಾರದ ಬಾಲ, ಇವೇ ಆ ಹೆಸರಿಗೆ ಕಾರಣ. ಆದರೆ ಬಂಗುಡೆ ಎಲುಬಿನ ಮೀನು. ಷಾರ್ಕಿನ ಅಸ್ಥಿಪಂಜರವಾದರೋ ಮೃದ್ವಸ್ಥಿಯಿಂದಾದುದು. ವೇಗವಾಗಿ ಈಜುವ ಬಾಳು ಎರಡಕ್ಕೂ ಒಂದೇ ಬಗೆಯ ಮೈಕಟ್ಟನ್ನು ಕೊಟ್ಟಿತು, ಅಷ್ಟೆ. ಸಾದೃಶ್ಯವೇ ಸಂಬಂಧವಲ್ಲವೆಂಬುದು ಪ್ರಾಣಿಗಳ ವರ್ಗೀಕರಣದ ಮೊದಲ ಪಾಠ. ಈ ಕುಟುಂಬದ ಇತಿಹಾಸವು ಆ ಪಾಠಕ್ಕೆ ಬರೆದ ವ್ಯಾಖ್ಯಾನದಂತಿದೆ.

ಇಂದು ಜೀವಿಸಿರುವ ಪ್ರಭೇದಗಳು 5, ಜಾತಿಗಳು 3. ಕಾರ್ಕರೋಡಾನ್ ಜಾತಿಯಲ್ಲಿ ಮಹಾಶ್ವೇತ ಷಾರ್ಕ್ ಒಂದೇ ಇದೆ. ಐಸ್ಯೂರಸ್ ಜಾತಿಯಲ್ಲಿ ಗಿಡ್ಡ ರೆಕ್ಕೆಯ ಮಾಕೋ, ಉದ್ದ ರೆಕ್ಕೆಯ ಮಾಕೋ ಎಂದು ಎರಡು. ಲ್ಯಾಮ್ನಾ ಜಾತಿಯಲ್ಲಿ ಪೋರ್ಬೀಗಲ್ ಮತ್ತು ಉತ್ತರ ಪೆಸಿಫಿಕ್ಕಿನ ಸಾಲ್ಮನ್ ಷಾರ್ಕ್. ಇವುಗಳ ಮೈ ಸುತ್ತಲಿನ ನೀರಿಗಿಂತ ಬೆಚ್ಚಗಿರುವುದು ಮೀನುಗಳಲ್ಲಿ ವಿರಳವಾದ ಗುಣ. ಒಳಸ್ನಾಯುಗಳಿಂದ ಮರಳುವ ಬಿಸಿರಕ್ತದ ನಾಳಗಳೂ ಕಿವಿರುಗಳಿಂದ ಬರುವ ತಣ್ಣನೆಯ ರಕ್ತದ ನಾಳಗಳೂ ಜಾಲದಂತೆ ಹೆಣೆದುಕೊಂಡಿರುವುದರಿಂದ, ಶಾಖವು ಒಂದರಿಂದ ಮತ್ತೊಂದಕ್ಕೆ ದಾಟಿ ಮೈಯಲ್ಲಿಯೇ ಉಳಿಯುತ್ತದೆ.

ಲಿನೇಯಸನು 1758ರಲ್ಲಿ ಮಹಾಶ್ವೇತ ಷಾರ್ಕನ್ನು ಇತರ ಷಾರ್ಕುಗಳೊಡನೆ ಸ್ಕ್ವಾಲಸ್ ಎಂಬ ಒಂದೇ ಜಾತಿಗೆ ಸೇರಿಸಿದ್ದನು. ಬಳಿಕ ರಫಿನೆಸ್ಕನು 1810ರಲ್ಲಿ ಐಸ್ಯೂರಸ್ ಜಾತಿಯನ್ನೂ, ಆಂಡ್ರೂ ಸ್ಮಿತ್ 1838ರಲ್ಲಿ ಕಾರ್ಕರೋಡಾನ್ ಜಾತಿಯನ್ನೂ ಹೆಸರಿಸಿದರು. ಅಳಿದುಹೋದ ದೈತ್ಯ ಮೆಗಲೊಡಾನಿನ ಹಲ್ಲುಗಳ ಅಂಚು ಮಹಾಶ್ವೇತದ ಹಲ್ಲುಗಳಂತೆ ಗರಗಸದ ಕಕ್ಕುಳ್ಳದ್ದು. ಇದನ್ನು ಕಂಡ ಅಗಾಸಿಜ್ ಎಂಬ ವಿದ್ವಾಂಸನು ಅದನ್ನೂ ಕಾರ್ಕರೋಡಾನಿಗೇ ಸೇರಿಸಿದನು. ಆ ಅಭಿಪ್ರಾಯ ಬಹುಕಾಲ ಬಾಳಿತು. ಆದರೆ ಪೆರು ದೇಶದಲ್ಲಿ ದೊರೆತು 2012ರಲ್ಲಿ ನಾಮಕರಣಗೊಂಡ ಒಂದು ಪಳೆಯುಳಿಕೆಯ ಹಲ್ಲುಗಳಲ್ಲಿ ಕಕ್ಕುಗಳು ಆಗತಾನೆ ಮೂಡುತ್ತಿದ್ದವು. ಮಹಾಶ್ವೇತದ ಪೂರ್ವಜರು ನುಣುಪು ಅಂಚಿನ ಹಲ್ಲಿನವರೆಂಬುದು ಇದರಿಂದ ದೃಢವಾಯಿತು. ಮೆಗಲೊಡಾನನ್ನು ಈಗ ಹೆಚ್ಚಿನ ವಿದ್ವಾಂಸರು ಒಟೊಡಾಂಟಿಡೀ ಎಂಬ ಬೇರೆ ಕುಟುಂಬದಲ್ಲಿ ಇಡುತ್ತಾರೆ.

ಅಲ್ಲಿ ಹೋಲಿಕೆಯು ಬೇರೆಯಾದವನ್ನು ಒಂದುಗೂಡಿಸಿತು. ಮಾಕೋಗಳಲ್ಲಿ ಎರಡನ್ನು ಒಂದೆಂದು ತೋರಿಸಿತು. ಉದ್ದ ರೆಕ್ಕೆಯ ಮಾಕೋಗೆ ಕ್ಯೂಬಾದ ಗಿಟಾರ್ಟ್ ಮಂಡೇ ಹೆಸರಿಟ್ಟುದು 1966ರಲ್ಲಿ. ತಲೆಯಷ್ಟೇ ಅಥವಾ ಅದಕ್ಕೂ ಉದ್ದವಾದ ಎದೆಯ ರೆಕ್ಕೆಗಳು ಅದರ ಗುರುತು.

ಇದು ಕೇವಲ ಪಂಡಿತರ ಚರ್ಚೆಯೆಂದು ಭಾವಿಸಲಾಗದು. ಮಾಕೋ ತಡವಾಗಿ ಪ್ರಾಯಕ್ಕೆ ಬರುವ ಪ್ರಾಣಿ. ಬಲೆಗೆ ಬಿದ್ದಷ್ಟು ಬೇಗ ಅದರ ಸಂತತಿ ತುಂಬಿಬಾರದು. ಆದುದರಿಂದಲೇ 2019ರಲ್ಲಿ ಎರಡು ಮಾಕೋಗಳನ್ನೂ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ಮೀನುಪೇಟೆಯಲ್ಲಾದರೋ ತುಳುವರ ತಾಟೆ, ಕೊಂಕಣಿಗರ ಮೋರಿ, ಮುಂಬಯಿಯ ಮುಶಿ, ಇಂತಹ ಒಂದೊಂದು ಮಾತು ಹಲವು ಷಾರ್ಕುಗಳನ್ನು ಒಳಗೊಳ್ಳುತ್ತದೆ. ವ್ಯವಹಾರಕ್ಕೆ ಅಷ್ಟು ಸಾಕು. ಕಾನೂನು ಮಾತ್ರ ಪ್ರಾಣಿಯನ್ನು ಅದರ ಶಾಸ್ತ್ರೀಯ ಹೆಸರಿನಿಂದ ಗುರುತಿಸುತ್ತದೆ. ಹೆಸರು ತಪ್ಪಿದರೆ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದಲ್ಲಿ ರಕ್ಷಣೆಯೂ ತಪ್ಪುತ್ತದೆ.